ಕಣಭೌತಶಾಸ್ತ್ರದಿಂದ ವಿದ್ಯುತ್ ನೀತಿಗೆ: ಆರ್ಥರ್ ರೋಸೆನ್‌ಫೆಲ್ಡ್ ಲೆಕ್ಕ ಹಾಕಿದ ರೀತಿ ತಿಳಿಸಿಕೊಡಿ

ಲೋಲಕ (ಪ್ರಶ್ನೆ)

ಭೌತಶಾಸ್ತ್ರ ಎಂ.ಎಸ್ಸಿ. ವಿದ್ಯಾರ್ಥಿಗಳಿಗಾಗಿ ಆರ್ಥರ್ ರೋಸೆನ್‌ಫೆಲ್ಡ್ ಕುರಿತು ಎರಡು ಗಂಟೆಯ ಪಾಠ ಸಿದ್ಧಪಡಿಸುತ್ತಿದ್ದೇನೆ. ಜೀವನದ ಸ್ಥೂಲ ವಿವರ ಕೈಯಲ್ಲಿದೆ. 1926ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಜನನ, ಶಿಕಾಗೋದಲ್ಲಿ ಎನ್ರಿಕೊ ಫರ್ಮಿ ಮಾರ್ಗದರ್ಶನದಲ್ಲಿ ಪಿಎಚ್.ಡಿ., ಬರ್ಕ್ಲಿಯಲ್ಲಿ ಲೂಯಿಸ್ ಆಲ್ವಾರೆಜ್ ತಂಡ, ಎಪ್ಪತ್ತರ ದಶಕದ ನಡುವೆ ಇಂಧನ ದಕ್ಷತೆಯ ಕಡೆ ತಿರುವು, 2000ದಿಂದ 2010ರವರೆಗೆ ಕ್ಯಾಲಿಫೋರ್ನಿಯಾ ಎನರ್ಜಿ ಕಮಿಷನ್‌ನಲ್ಲಿ ಕಮಿಷನರ್, 2017ರ ಜನವರಿಯಲ್ಲಿ ನಿಧನ.

ಸಿಗುವ ಬರಹಗಳೆಲ್ಲ ಅವರಿಗೆ ಹಾರ ಹಾಕಿ ಕೈಮುಗಿದು ಮುಗಿಯುತ್ತವೆ. ಮಕ್ಕಳಿಗೆ ಬೇಕಿರುವುದು ಲೆಕ್ಕ. ಕಣಗಳ ಜಾಡು ಹಿಡಿಯುತ್ತಿದ್ದವರು ಫ್ರಿಜ್ಜು, ಕಿಟಕಿ, ತಾರಸಿಯ ಮೇಲೆ ಏನನ್ನು ಅಳೆದರು? ‘ಉಳಿತಾಯವೂ ಒಂದು ವಿದ್ಯುತ್ ಸ್ಥಾವರ’ ಎನ್ನುವ ಮಾತಿನ ಹಿಂದಿನ ಸೂತ್ರ ಯಾವುದು? ಅದನ್ನು ನಮ್ಮ ಕಡೆಯ ಅಂಕಿಗಳಿಗೆ ಹಚ್ಚಿದರೆ ಎಲ್ಲಿ ಎಡವುತ್ತೇವೆ? ಈ ದಾರಿ ಹಿಡಿಯಬೇಕೆನ್ನುವ ಹುಡುಗ ಹುಡುಗಿಯರು ಕರ್ನಾಟಕದಲ್ಲಿ ಎಲ್ಲಿಂದ ಶುರು ಮಾಡಬಹುದು? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಬಬಲ್_ಚೇಂಬರ್

ಲೋಲಕ ಅವರೇ, ಮೊದಲನೇ ಪ್ರಶ್ನೆ ನಾನು ತೆಗೆದುಕೊಳ್ಳುತ್ತೇನೆ.

ಅವರು ಬರ್ಕ್ಲಿಯಲ್ಲಿ ಮಾಡುತ್ತಿದ್ದ ಕೆಲಸವೇನೆಂದು ಮೊದಲು ಹೇಳಿ. ಹೈಡ್ರೋಜನ್ ಬಬಲ್ ಚೇಂಬರ್‌ನಿಂದ (ಕಣ ಹಾದ ದಾರಿಯುದ್ದಕ್ಕೂ ಗುಳ್ಳೆ ಏಳುವ ದ್ರವದ ಪಾತ್ರೆ) ಲಕ್ಷಗಟ್ಟಲೆ ಛಾಯಾಚಿತ್ರ ಬರುತ್ತಿದ್ದವು. ಅವುಗಳಲ್ಲಿನ ಜಾಡುಗಳನ್ನು ಅಳೆದು, ಕಂಪ್ಯೂಟರಿಗೆ ಉಣಿಸಿ, ಯಾವ ಕಣ, ಎಷ್ಟು ದ್ರವ್ಯರಾಶಿ, ಎಷ್ಟು ಆಯುಸ್ಸು ಎಂದು ತೀರ್ಮಾನಿಸಬೇಕಿತ್ತು. ರೋಸೆನ್‌ಫೆಲ್ಡ್ ಈ ದತ್ತಾಂಶ ವಿಶ್ಲೇಷಣೆಯ ಮುಂದಾಳು. ಬೇರೆ ಬೇರೆ ಪ್ರಯೋಗಾಲಯಗಳ ಅಳತೆಗಳನ್ನು ತೂಗಿ ನೋಡಿ ಒಂದೇ ಕೋಷ್ಟಕದಲ್ಲಿ ಪ್ರಕಟಿಸುವ ಪರಿಪಾಠವನ್ನು 1957ರ ಹೊತ್ತಿಗೆ ಆರಂಭಿಸಿದವರಲ್ಲಿ ಅವರೊಬ್ಬರು. ಇವತ್ತಿನ ‘ಪಾರ್ಟಿಕಲ್ ಡೇಟಾ ಗ್ರೂಪ್’ ಬೆಳೆದದ್ದು ಅಲ್ಲಿಂದ. ನಿಮ್ಮ ಮಕ್ಕಳು ಆ ಗುಂಪು ಹೊರತರುವ ಕಣಗಳ ಕೈಪಿಡಿ ಬಳಸಿಯೇ ಇರುತ್ತಾರೆ. ಚದುರಿದ ಅಳತೆಗಳನ್ನು ನಂಬಬಹುದಾದ ಒಂದು ಕೋಷ್ಟಕಕ್ಕೆ ಇಳಿಸುವ ಈ ಹದ ಮುಂದೆ ಫ್ರಿಜ್ಜಿನ ವಿಷಯದಲ್ಲಿ ನೇರವಾಗಿ ಕೆಲಸಕ್ಕೆ ಬಂತು.

ತಿರುವು ಬಂದದ್ದು 1973ರ ನವೆಂಬರಿನ ಒಂದು ಶುಕ್ರವಾರ ಸಂಜೆ. ಅರಬ್ ದೇಶಗಳು ತೈಲ ನಿಲ್ಲಿಸಿದ್ದವು. ಮರುದಿನ ಪೆಟ್ರೋಲಿಗೆ ಅರ್ಧ ಗಂಟೆ ಸಾಲು ನಿಲ್ಲಬೇಕಿತ್ತು. ಅವರ ಮಹಡಿಯಲ್ಲಿ 20 ಕೊಠಡಿ, ವಾರಾಂತ್ಯವಿಡೀ ದೀಪ ಉರಿಯುತ್ತಿದ್ದವು. ಒಂದು ಕೊಠಡಿಯ ದೀಪಕ್ಕೆ ವಾರಾಂತ್ಯದಲ್ಲಿ 5 ಗ್ಯಾಲನ್ ಪೆಟ್ರೋಲಿಗೆ ಸಮನಾದ ಇಂಧನ, ಇಪ್ಪತ್ತಕ್ಕೂ ಸೇರಿ 100 ಗ್ಯಾಲನ್ ಎಂದು ಅವರು ಅಂದಾಜಿಸಿದರು.

ಇದನ್ನು ಹಿಂದುಮುಂದಾಗಿ ಬೋರ್ಡಿನ ಮೇಲೆ ಬಿಡಿಸಿ. ಒಂದು ಅಮೆರಿಕನ್ ಗ್ಯಾಲನ್, ಅಂದರೆ 3.785 ಲೀಟರ್ ಪೆಟ್ರೋಲಿನಲ್ಲಿ ಸುಮಾರು 36 ಕಿಲೋವಾಟ್-ಗಂಟೆ ಉಷ್ಣಶಕ್ತಿ. 5 ಗ್ಯಾಲನ್‌ಗೆ 180. ಉಷ್ಣ ಸ್ಥಾವರದ ದಕ್ಷತೆ ಮೂರರಲ್ಲಿ ಒಂದು ಪಾಲು ಎಂದರೆ ಕೈಗೆ ಸಿಗುವುದು 60 ಯೂನಿಟ್ (ಅಂದರೆ 60 ಕಿಲೋವಾಟ್-ಗಂಟೆ) ಕರೆಂಟ್. ಶುಕ್ರವಾರ ಸಂಜೆ 7ರಿಂದ ಸೋಮವಾರ ಬೆಳಗ್ಗೆ 7ಕ್ಕೆ 60 ಗಂಟೆ. ಹಾಗಾದರೆ ಕೊಠಡಿಗೆ 1 ಕಿಲೋವಾಟ್ ದೀಪ. ಆ ಕಾಲದ ಟ್ಯೂಬ್‌ಲೈಟು ತುಂಬಿದ ಅಮೆರಿಕನ್ ಕಚೇರಿಗೆ ಸರಿಹೊಂದುವ ಅಂಕಿ. ಫರ್ಮಿ ಶಿಷ್ಯನ ಲೆಕ್ಕ ಅಂದರೆ ಇದು.

ಆಮೇಲೆ ದೀಪ ಆರಿಸಲು ಹೊರಟರು. ಸ್ವಿಚ್ಚುಗಳೇ ಕಾಣಲಿಲ್ಲ. ಫೈಲು ಬೀರು, ಪುಸ್ತಕದ ಕಪಾಟು, ಗೋಡೆಗೆ ಅಂಟಿಸಿದ ಚಿತ್ರಪಟಗಳ ಹಿಂದೆ ಮುಚ್ಚಿಹೋಗಿದ್ದವು. ಇಪ್ಪತ್ತು ನಿಮಿಷ ಹುಡುಕಿ ಆರಿಸಿದರು. ಈ ಸ್ವಿಚ್ಚಿನ ಸಂಗತಿ ಪಾಠದಲ್ಲಿ ಬಿಡಬೇಡಿ. ಆರಿಸಬೇಕೆಂಬ ಮನಸ್ಸಿದ್ದವನಿಗೂ ಸ್ವಿಚ್ಚು ಕೈಗೆಟುಕದ ಕಟ್ಟಡ ಕಟ್ಟಿದ್ದೆವು, ಸಮಸ್ಯೆಯ ತಿರುಳೇ ಅಲ್ಲಿದೆ.

1974ರ ಬೇಸಿಗೆಯಲ್ಲಿ ಅಮೆರಿಕನ್ ಫಿಸಿಕಲ್ ಸೊಸೈಟಿ ಪ್ರಿನ್ಸ್‌ಟನ್‌ನಲ್ಲಿ ಇಂಧನದ ದಕ್ಷ ಬಳಕೆ ಕುರಿತು ಅಧ್ಯಯನ ಕೂಟ ನಡೆಸಿತು. ರೋಸೆನ್‌ಫೆಲ್ಡ್ ಅದರಲ್ಲಿದ್ದರು. ಉಷ್ಣಗತಿಶಾಸ್ತ್ರದ ಎರಡನೇ ನಿಯಮದ ಪ್ರಕಾರ ದಕ್ಷತೆ ಅಳೆಯಬೇಕು ಎಂಬುದು ಅಲ್ಲಿನ ದೊಡ್ಡ ವಾದ. ನಮ್ಮ ಬಚ್ಚಲುಮನೆಯ ಗೀಸರನ್ನೇ ಉದಾಹರಣೆ ಮಾಡಿಕೊಳ್ಳಿ. 25 ಡಿಗ್ರಿ ನೀರನ್ನು 55 ಡಿಗ್ರಿಗೆ ಏರಿಸಬೇಕು. ಮೊದಲನೇ ನಿಯಮದ ಲೆಕ್ಕದಲ್ಲಿ ಕಾಯಿಲ್ ಗೀಸರ್ ಶೇ. 90ರ ಮೇಲೆ. ಆದರೆ ಅದೇ ಉಷ್ಣವನ್ನು ಸುತ್ತಲಿನ ಗಾಳಿಯಿಂದ ಎತ್ತಿ ಕೊಡಲು ಬೇಕಾದ ಕನಿಷ್ಠ ಕೆಲಸ ಎಷ್ಟು? 298 ಮತ್ತು 328 ಕೆಲ್ವಿನ್ ಹಾಕಿ ಲೆಕ್ಕ ಮಾಡಿದರೆ ಉಷ್ಣದ ಶೇ. 5ಕ್ಕಿಂತ ತುಸು ಕಡಿಮೆ ಬರುತ್ತದೆ. ಅಂದರೆ ಉತ್ತಮ ದರ್ಜೆಯ ವಿದ್ಯುತ್ತಿನ ಇಪ್ಪತ್ತರಲ್ಲಿ ಹತ್ತೊಂಬತ್ತು ಪಾಲನ್ನು ಸುಮ್ಮನೆ ಕೆಳದರ್ಜೆಗೆ ತಳ್ಳುತ್ತಿದ್ದೇವೆ. ಸೋಲಾರ್ ವಾಟರ್ ಹೀಟರ್, ಹೀಟ್ ಪಂಪ್ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಇನ್ನು ಫ್ರಿಜ್ಜು. ಎಪ್ಪತ್ತರ ದಶಕದ ನಡುವಿನ ಅಮೆರಿಕದ ಹೊಸ ಫ್ರಿಜ್ಜು ಸರಾಸರಿ ವರ್ಷಕ್ಕೆ ಸುಮಾರು 1,800 ಯೂನಿಟ್ ತಿನ್ನುತ್ತಿತ್ತು. ಹಗಲೂ ರಾತ್ರಿ 200 ವಾಟ್ ಬಲ್ಬು ಉರಿಸಿಟ್ಟ ಹಾಗೆ. ಅವರ ವಿದ್ಯಾರ್ಥಿ ಡೇವಿಡ್ ಗೋಲ್ಡ್‌ಸ್ಟೈನ್ ಜೊತೆ ಸೇರಿ ಮಾರುಕಟ್ಟೆಯ ಫ್ರಿಜ್ಜುಗಳ ಬೆಲೆ ಒಂದು ಅಕ್ಷ, ಬಳಕೆ ಇನ್ನೊಂದು ಅಕ್ಷ ಎಂದು ಚುಕ್ಕಿ ಇಟ್ಟರು. ಎರಡಕ್ಕೂ ಸಂಬಂಧವೇ ಕಾಣಲಿಲ್ಲ! ಹೆಚ್ಚು ಕರೆಂಟ್ ತಿನ್ನುವ ಮಾದರಿಗಳನ್ನು ನಿಷೇಧಿಸಿದರೂ ಗಿರಾಕಿಗೆ ಬೆಲೆ ಏರುವುದಿಲ್ಲ ಎಂದು ಆ ಒಂದು ಚಿತ್ರ ಹೇಳಿತು. ರಾಜಕಾರಣಿಗೆ ಬೇಕಾದದ್ದು ಅದೇ. 1976ರಲ್ಲಿ ಕ್ಯಾಲಿಫೋರ್ನಿಯಾ ಫ್ರಿಜ್ಜಿಗೆ ಮಾನದಂಡ ತಂದಿತು. 1987ರಲ್ಲಿ ದೇಶದ ಕಾಯಿದೆ ಬಂತು, 1990, 1993, 2001ರಲ್ಲಿ ಮಿತಿ ಬಿಗಿಯಾಯಿತು. 2001ರ ಹೊತ್ತಿಗೆ ಹೊಸ ಫ್ರಿಜ್ಜಿನ ಬಳಕೆ 500 ಯೂನಿಟ್ ಆಸುಪಾಸಿಗೆ ಇಳಿದಿತ್ತು. ಗಾತ್ರ ದೊಡ್ಡದಾಗಿತ್ತು, ಹಣದುಬ್ಬರ ಕಳೆದ ಬೆಲೆ ಇಳಿದಿತ್ತು.

ಇಳಿದದ್ದು ಯಾವುದರಿಂದ? ಗೋಡೆಯಲ್ಲಿದ್ದ ಗಾಜಿನ ನಾರಿನ ಜಾಗಕ್ಕೆ ಪಾಲಿಯುರೆಥೇನ್ ಫೋಮ್ ಬಂತು. ಕಂಪ್ರೆಸರ್ ಮೋಟಾರು ಸುಧಾರಿಸಿತು, ಉಷ್ಣ ವಿನಿಮಯದ ಕಾಯಿಲ್ ದೊಡ್ಡದಾಯಿತು, ಬಾಗಿಲಿನ ರಬ್ಬರು ಬಿಗಿಯಾಯಿತು. ಬಾಗಿಲ ಚೌಕಟ್ಟಿನಲ್ಲಿ ಬೆವರು ಕಟ್ಟದಂತೆ ಸದಾ ಉರಿಯುತ್ತಿದ್ದ ಹೀಟರಿಗೆ ಕಡಿವಾಣ ಬಿತ್ತು. ತಂಪು ಪೆಟ್ಟಿಗೆಯೊಳಗೆ ಹೀಟರು! ಒಳಗಿನ ಫ್ಯಾನ್ ಗಮನಿಸಿ: ಅದು 10 ವಾಟ್ ತಿಂದರೆ ಆ 10 ವಾಟೂ ಒಳಗೇ ಶಾಖವಾಗುತ್ತದೆ, ಅದನ್ನು ಹೊರಹಾಕಲು ಕಂಪ್ರೆಸರಿಗೆ (ಶೀತಲ ಗುಣಾಂಕ, ಅಂದರೆ ಒಂದು ವಾಟ್ ವಿದ್ಯುತ್ತಿಗೆ ಹೊರಹಾಕುವ ಶಾಖ, 1.5 ವಾಟ್ ಎಂದುಕೊಂಡರೆ) ಇನ್ನೂ 6.7 ವಾಟ್ ಬೇಕು. ಒಳಗೆ ಉಳಿಸಿದ ಒಂದು ವಾಟ್ ಹೊರಗೆ ಸುಮಾರು 1.67 ವಾಟ್ ಉಳಿಸಿದಂತೆ. ಇಂಥ ಸಣ್ಣಪುಟ್ಟವುಗಳ ಮೊತ್ತವೇ ಆ ಇಳಿಕೆ.

ಅವರ ತಂಡದ ಉಳಿದ ಕೆಲಸ ಚುಟುಕಾಗಿ: ಟ್ಯೂಬ್‌ಲೈಟಿನ ಎಲೆಕ್ಟ್ರಾನಿಕ್ ಚೋಕು, ಉಷ್ಣ ವಿಕಿರಣವನ್ನು ಹಿಂದಕ್ಕೆ ಕಳಿಸುವ ಲೇಪನದ ಕಿಟಕಿ ಗಾಜು, ಕಟ್ಟಡವೊಂದರ ಬಳಕೆಯನ್ನು ಗಂಟೆಗಂಟೆಗೂ ಲೆಕ್ಕ ಹಾಕುವ ಡಿಒಇ-2 ಎಂಬ ಕಂಪ್ಯೂಟರ್ ಪ್ರೋಗ್ರಾಂ. ಆ ಪ್ರೋಗ್ರಾಂ ಇಲ್ಲದಿದ್ದರೆ ಕಟ್ಟಡ ಸಂಹಿತೆ ಬರೆಯುವುದೇ ಕಷ್ಟವಿತ್ತು. ಗಾಜು, ಗೋಡೆ, ದೀಪ ಒಂದಕ್ಕೊಂದು ಬದಲಿಸಿಕೊಂಡರೆ ಒಟ್ಟು ಬಳಕೆ ಎಷ್ಟಾಗುತ್ತದೆಂದು ಬೇರೆ ರೀತಿಯಲ್ಲಿ ತೋರಿಸಲಾಗುತ್ತಿರಲಿಲ್ಲ.

ಕಿಲೋವಾಟ್_ಗಂಟೆ

ಸೂತ್ರದ ಪ್ರಶ್ನೆಗೆ.

ರೋಸೆನ್‌ಫೆಲ್ಡ್ ಬಳಗ, ಮುಖ್ಯವಾಗಿ ಅಲನ್ ಮೈಯರ್ ಜೊತೆ, ಬಳಕೆಗೆ ತಂದ ಅಳತೆ ‘ಉಳಿಸಿದ ಯೂನಿಟ್ಟಿನ ಬೆಲೆ’. ಸ್ಥಾವರದವನು ‘ನನ್ನ ಯೂನಿಟ್ ಇಷ್ಟು ರೂಪಾಯಿ’ ಎನ್ನುತ್ತಾನೆ. ಉಳಿತಾಯದವನೂ ಅದೇ ಭಾಷೆಯಲ್ಲಿ ಉತ್ತರ ಕೊಡಬೇಕು. ಮೊದಲು ಹೆಚ್ಚುವರಿ ಹೂಡಿಕೆಯನ್ನು ಬಡ್ಡಿ ಸಮೇತ ವಾರ್ಷಿಕ ಕಂತಾಗಿ ಹರಡಿ, ಆ ಕಂತನ್ನು ವರ್ಷಕ್ಕೆ ಉಳಿಯುವ ಯೂನಿಟ್ಟಿನಿಂದ ಭಾಗಿಸಿ. ಕಂತಿನ ಗುಣಕ: ಬಡ್ಡಿ ದರವನ್ನು, ಒಂದರಿಂದ ‘(1 + ಬಡ್ಡಿ) ಘಾತ ಮೈನಸ್ ವರ್ಷ’ ಕಳೆದು ಬಂದದ್ದರಿಂದ ಭಾಗಿಸಿ. ಶೇ. 10 ಬಡ್ಡಿ, 10 ವರ್ಷಕ್ಕೆ 0.163. ಅದೇ ಬಡ್ಡಿ, 5 ವರ್ಷಕ್ಕೆ 0.264.

ತರಗತಿಗೆ ಸೀಲಿಂಗ್ ಫ್ಯಾನ್ ಹಿಡಿಯಿರಿ. ಸಾದಾ ಫ್ಯಾನ್ 75 ವಾಟ್, ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್ 30 ವಾಟ್. ಹೆಚ್ಚುವರಿ ಬೆಲೆ 1,500 ರೂಪಾಯಿ ಎಂದುಕೊಳ್ಳೋಣ.

ಹಾಲ್‌ನಲ್ಲಿ ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ: 3,600 ಗಂಟೆ × 45 ವಾಟ್ = 162 ಯೂನಿಟ್. ಕಂತು 244 ರೂಪಾಯಿ. ಉಳಿಸಿದ ಯೂನಿಟ್ಟಿಗೆ 1 ರೂಪಾಯಿ 51 ಪೈಸೆ.

ದಿನಕ್ಕೆ 2 ಗಂಟೆ ತಿರುಗುವ ಅತಿಥಿ ಕೋಣೆಯಲ್ಲಿ ಅದೇ ಫ್ಯಾನ್: 27 ಯೂನಿಟ್. ಬೆಲೆ ಯೂನಿಟ್ಟಿಗೆ 9 ರೂಪಾಯಿ.

ಫ್ಯಾನಿನ ಒಳಗಿನ ಎಲೆಕ್ಟ್ರಾನಿಕ್ ಬೋರ್ಡು 5 ವರ್ಷಕ್ಕೇ ಕೈಕೊಟ್ಟರೆ ಹಾಲ್‌ನ ಬೆಲೆಯೂ 2 ರೂಪಾಯಿ 44 ಪೈಸೆಗೆ ಏರುತ್ತದೆ.

ಫ್ಯಾನ್ ಅದೇ, ಬೆಲೆಯಲ್ಲಿ ಆರು ಪಟ್ಟು ಅಂತರ. ತಪ್ಪು ನುಗ್ಗುವುದು ಬಹುಪಾಲು ಬಳಕೆಯ ಗಂಟೆಯಲ್ಲಿ. ವಾಟನ್ನು ಎಲ್ಲರೂ ಪೆಟ್ಟಿಗೆ ನೋಡಿ ಬರೆಯುತ್ತಾರೆ, ಗಂಟೆಯನ್ನು ಊಹಿಸಿ ಬರೆಯುತ್ತಾರೆ. ಮತ್ತೊಂದು ಎಚ್ಚರ: ಹಳೇ ಫ್ಯಾನ್ ಹೇಗೂ ಕೆಟ್ಟು ಬದಲಿಸುವಾಗ ಎರಡರ ಬೆಲೆಯ ವ್ಯತ್ಯಾಸ ಮಾತ್ರ ಹೂಡಿಕೆ. ಚೆನ್ನಾಗಿ ಓಡುತ್ತಿರುವುದನ್ನು ಕಳಚಿದರೆ ಪೂರ್ತಿ ಬೆಲೆ ಹೂಡಿಕೆ.

ಎರಡನೇ ಅಳತೆ ‘ರೋಸೆನ್‌ಫೆಲ್ಡ್’ ಎಂಬ ಏಕಮಾನ. 2010ರಲ್ಲಿ ಜೊನಾಥನ್ ಕೂಮಿ ಮತ್ತು ಐವತ್ತಕ್ಕೂ ಹೆಚ್ಚು ಸಂಶೋಧಕರು ಇದನ್ನು ಸೂಚಿಸಿದರು. 500 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಶೇ. 70 ಹೊರೆಯಲ್ಲಿ ವರ್ಷವಿಡೀ ಓಡಿದರೆ 306 ಕೋಟಿ ಯೂನಿಟ್, ತಂತಿಯಲ್ಲಿ ಶೇ. 7 ನಷ್ಟ ಕಳೆದರೆ ಮನೆ ಮುಟ್ಟುವುದು 285 ಕೋಟಿ. ಪೂರ್ಣಾಂಕ ಮಾಡಿ 300 ಕೋಟಿ ಯೂನಿಟ್ಟಿಗೆ ಒಂದು ರೋಸೆನ್‌ಫೆಲ್ಡ್. ಜೊತೆಗೆ ವರ್ಷಕ್ಕೆ 30 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆ.

ಎಲ್‌ಇಡಿ ಬಲ್ಬು ಹಂಚಿದ ನಮ್ಮ ಉಜಾಲಾ ಯೋಜನೆಗೆ (ಕರ್ನಾಟಕದಲ್ಲಿ ‘ಹೊಸ ಬೆಳಕು’) ಇದನ್ನು ಹಚ್ಚಿ ನೋಡಿ. ಸರ್ಕಾರಿ ಲೆಕ್ಕದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬು, ವರ್ಷಕ್ಕೆ ಸುಮಾರು 4,800 ಕೋಟಿ ಯೂನಿಟ್ ಉಳಿತಾಯ. ಅಂದರೆ 16 ರೋಸೆನ್‌ಫೆಲ್ಡ್. ಈಗ ಆ ಅಂಕಿಯನ್ನೇ ಒಡೆಯಿರಿ. ಒಂದು ಬಲ್ಬಿಗೆ 130 ಯೂನಿಟ್ ಆಯಿತು. 60 ವಾಟ್ ಬುರುಡೆ ಬಲ್ಬಿನ ಜಾಗಕ್ಕೆ 9 ವಾಟ್ ಎಲ್‌ಇಡಿ ಬಂದರೆ ಉಳಿಯುವುದು 51 ವಾಟ್. 130 ಯೂನಿಟ್ ಉಳಿಯಬೇಕಾದರೆ ಪ್ರತಿ ಬಲ್ಬೂ ವರ್ಷಪೂರ್ತಿ ದಿನಕ್ಕೆ 7 ಗಂಟೆ ಉರಿಯಬೇಕು. ಅಡುಗೆಮನೆಯ ಬಲ್ಬು ಉರಿದೀತು, ಬಚ್ಚಲಿನದು? ಎಲ್‌ಇಡಿ ತೆಗೆದುಹಾಕಿದ್ದು 14 ವಾಟ್ ಸಿಎಫ್‌ಎಲ್ ಆಗಿದ್ದರೆ ಉಳಿತಾಯ ಬರೀ 5 ವಾಟ್. ಯೋಜನೆಯಿಂದ ದೊಡ್ಡ ಲಾಭ ಆಗಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಯೂನಿಟ್ಟಿನ ಅಂಕಿಯನ್ನು ಗರಿಷ್ಠ ಮಿತಿ ಎಂದು ಓದುವುದು ಸರಿ. ಸಿಎಫ್‌ಎಲ್ ಕಾಲದಲ್ಲೇ ಮುಂಬೈಯಲ್ಲಿ ಇಂಥದೊಂದು ಯೋಜನೆಯ ಲೆಕ್ಕ ಹಾಕಿದ ಅಶೋಕ್ ಗಾಡ್ಗೀಳ್ ಕೂಡ ಬರ್ಕ್ಲಿಯಲ್ಲಿ ಭೌತಶಾಸ್ತ್ರ ಓದಿ ಈ ಕಡೆ ಬಂದವರು. ಮಕ್ಕಳಿಗೆ ಅವರನ್ನೂ ಪರಿಚಯಿಸಿ.

ಲೋಲಕ

ಇಬ್ಬರಿಗೂ ಧನ್ಯವಾದ. ಫ್ಯಾನಿನ ಲೆಕ್ಕ ಹಾಗೇ ತರಗತಿಗೆ ಹೋಗುತ್ತದೆ. ಇನ್ನೆರಡು ಸಂಶಯ. ಕ್ಯಾಲಿಫೋರ್ನಿಯಾದ ತಲಾ ವಿದ್ಯುತ್ ಬಳಕೆ ಎಪ್ಪತ್ತರ ದಶಕದಿಂದ ಏರದೆ ನಿಂತಿತು ಎನ್ನುವ ರೇಖಾಚಿತ್ರ ಎಲ್ಲೆಡೆ ಕಾಣುತ್ತದೆ. ಪೂರ್ತಿ ಯಶಸ್ಸು ಮಾನದಂಡಗಳದ್ದೇ? ಮತ್ತೆ, ಬಿಳಿ ತಾರಸಿಯ ಸಲಹೆ ನಮ್ಮ ಆರ್‌ಸಿಸಿ ಮನೆಗಳಿಗೆ ಹೊಂದುತ್ತದೆಯೇ?

ಉಳಿಕೆ_ದೋಷ

ರೇಖಾಚಿತ್ರದ ಅಂಕಿ ನಿಜ. ಕ್ಯಾಲಿಫೋರ್ನಿಯಾದಲ್ಲಿ ತಲಾ ಬಳಕೆ ವರ್ಷಕ್ಕೆ 7,000 ಯೂನಿಟ್ ಹತ್ತಿರ ನಿಂತುಬಿಟ್ಟಿತು, ಇಡೀ ಅಮೆರಿಕದ್ದು 12,000 ದಾಟಿ ಹೋಯಿತು. ಇದಕ್ಕೆ ‘ರೋಸೆನ್‌ಫೆಲ್ಡ್ ಪರಿಣಾಮ’ ಎಂದೇ ಹೆಸರು. ಆದರೆ ನಡುವಿನ ಅಂತರ ಪೂರ್ತಿ ನೀತಿಯ ಕೊಡುಗೆ ಎಂದು ಮಕ್ಕಳಿಗೆ ಹೇಳಬೇಡಿ. ಕರಾವಳಿಯ ಹವೆ ಹಿತವಾದದ್ದು, ಹೆಚ್ಚು ವಿದ್ಯುತ್ ತಿನ್ನುವ ಭಾರೀ ಕೈಗಾರಿಕೆ ಕಡಿಮೆ, ಅಡುಗೆಗೂ ಬಿಸಿನೀರಿಗೂ ಅನಿಲದ ಬಳಕೆ ಜಾಸ್ತಿ, ಮನೆಗೆ ತಲೆ ಹೆಚ್ಚು, ವಿದ್ಯುತ್ ದರವೂ ಹೆಚ್ಚು. ಸ್ಟ್ಯಾನ್‌ಫರ್ಡ್‌ನಲ್ಲಿ ಅನಂತ್ ಸುದರ್ಶನ್ ಮತ್ತು ಜೇಮ್ಸ್ ಸ್ವೀನಿ ಇವನ್ನೆಲ್ಲ ಬೇರ್ಪಡಿಸಿ ನೋಡಿದಾಗ ನೀತಿಯ ಪಾಲು ಅಂತರದ ಕಾಲು ಭಾಗದಷ್ಟು ಬಂತು. ಕಾಲು ಭಾಗವೂ ಸಣ್ಣದಲ್ಲ. ಇಡೀ ರಾಜ್ಯದ ಜನಸಂಖ್ಯೆಯಿಂದ ಗುಣಿಸಿದರೆ ಹಲವು ಸ್ಥಾವರಗಳ ಲೆಕ್ಕ.

ಸನ್‌ಡೆಸರ್ಟ್ ಪರಮಾಣು ಯೋಜನೆಯ ಕತೆಯೂ ಹೀಗೇ ಉಬ್ಬಿದೆ. ಬ್ಲೈತ್ ಊರಿನ ಬಳಿ ಕಟ್ಟಬೇಕೆಂದಿದ್ದ ಸ್ಥಾವರ ಅದು. ಫ್ರಿಜ್ಜಿನ ಮಾನದಂಡದಿಂದಲೇ ಅಷ್ಟು ವಿದ್ಯುತ್ ಉಳಿಯುತ್ತದೆ ಎಂದು ರೋಸೆನ್‌ಫೆಲ್ಡ್ ಗವರ್ನರ್ ಜೆರ್ರಿ ಬ್ರೌನ್ ಅವರಿಗೆ ಹೇಳಿದ್ದು ಹೌದು, 1978ರಲ್ಲಿ ಯೋಜನೆ ಬಿದ್ದುಹೋದದ್ದೂ ಹೌದು. ನಡುವೆ ಇನ್ನೊಂದು ಸಂಗತಿ ಇದೆ. ಪರಮಾಣು ತ್ಯಾಜ್ಯದ ವಿಲೇವಾರಿಗೆ ದಾರಿಯಾಗುವವರೆಗೆ ಹೊಸ ಸ್ಥಾವರಕ್ಕೆ ಅನುಮತಿ ಇಲ್ಲ ಎಂದು 1976ರಲ್ಲೇ ರಾಜ್ಯ ಕಾಯಿದೆ ಮಾಡಿತ್ತು. ಎರಡನ್ನೂ ಸೇರಿಸಿ ಹೇಳಿದರೆ ಪಾಠ ಗಟ್ಟಿಯಾಗುತ್ತದೆ.

ನನ್ನ ಮಟ್ಟಿಗೆ ಕ್ಯಾಲಿಫೋರ್ನಿಯಾದ ನಿಜವಾದ ಜಾಣತನ ಇರುವುದು ಜನ ಕಡಿಮೆ ಮಾತಾಡುವ ಒಂದು ಕಡೆ. ಉಳಿತಾಯ ಹೆಚ್ಚಿದಷ್ಟೂ ವಿದ್ಯುತ್ ಕಂಪನಿಗೆ ಮಾರಾಟ ಇಳಿದು ನಷ್ಟ. ಕಂಪನಿಯೇ ಅಡ್ಡಗಾಲು ಹಾಕುತ್ತದೆ. ಎಂಬತ್ತರ ದಶಕದ ಆರಂಭದಲ್ಲಿ ಆ ರಾಜ್ಯ ಕಂಪನಿಯ ವರಮಾನವನ್ನು ಮಾರಾಟದ ಯೂನಿಟ್ಟಿನಿಂದ ಬಿಡಿಸಿತು. ಅನುಮೋದಿತ ವರಮಾನ ಮೊದಲೇ ನಿಗದಿ. ಮಾರಾಟ ಕಡಿಮೆಯಾಗಿ ಕೊರತೆ ಬಿದ್ದರೆ ಮುಂದಿನ ದರದಲ್ಲಿ ತುಂಬಿಕೊಡುತ್ತಾರೆ, ಹೆಚ್ಚಾಗಿ ಬಂದರೆ ಗ್ರಾಹಕರಿಗೆ ಹಿಂದಿರುಗಿಸುತ್ತಾರೆ. 2003ರಲ್ಲಿ, ಅಂದರೆ ರೋಸೆನ್‌ಫೆಲ್ಡ್ ಕಮಿಷನರ್ ಆಗಿದ್ದಾಗ, ಹೊಸ ಬೇಡಿಕೆಗೆ ಮೊದಲು ದಕ್ಷತೆ, ಆಮೇಲೆ ನವೀಕರಿಸಬಹುದಾದ ಮೂಲ, ಕೊನೆಗೆ ಶುದ್ಧ ಅನಿಲ ಸ್ಥಾವರ ಎಂಬ ಸರದಿಯನ್ನು ರಾಜ್ಯ ಅಧಿಕೃತವಾಗಿ ಒಪ್ಪಿತು. 2009ರಲ್ಲಿ ಟಿವಿಗಳಿಗೂ ಮಾನದಂಡ ಬಂತು.

ಮಾನದಂಡ ಸೋಲುವ ಜಾಗ ಪರೀಕ್ಷಾ ವಿಧಾನ. ಪರೀಕ್ಷೆಯಲ್ಲಿ ಯಾವುದನ್ನು ಅಳೆಯುತ್ತೀರೋ ತಯಾರಕರು ಅದನ್ನೇ ಸುಧಾರಿಸುತ್ತಾರೆ. ನಮ್ಮಲ್ಲಿ ಏಸಿಗೆ ವರ್ಷಕ್ಕೆ 1,600 ಗಂಟೆ ಎಂಬ ಲೆಕ್ಕದ ಮೇಲೆ ಸ್ಟಾರ್ ಕೊಡುತ್ತಾರೆ. ಕಲಬುರಗಿಯ ಅಂಗಡಿಗೂ ಮಡಿಕೇರಿಯ ಮನೆಗೂ ಗಂಟೆ ಒಂದೇ ಇರಲು ಸಾಧ್ಯವೇ? ಕೊಳ್ಳುವವರಿಗೆ ಒಂದು ಮಾತು: ಸ್ಟಾರ್ ಎಣಿಸಬೇಡಿ. ಸ್ಟಾರ್ ಪಟ್ಟಿಯನ್ನು ಆಗಾಗ ಬಿಗಿಗೊಳಿಸುವುದರಿಂದ ಹಳೇ ಐದು ಸ್ಟಾರ್ ಹೊಸ ಪಟ್ಟಿಯಲ್ಲಿ ಮೂರಕ್ಕೆ ಇಳಿಯಬಹುದು. ಲೇಬಲ್ ಮೇಲೆ ವಾರ್ಷಿಕ ಯೂನಿಟ್ ಮತ್ತು ಲೇಬಲ್ ಅವಧಿ ಎರಡೂ ಅಚ್ಚಾಗಿರುತ್ತವೆ, ಅವನ್ನು ಓದಿ.

ತಾರಸಿ_ಮನೆ

ಬಿಳಿ ತಾರಸಿಯ ವಿಷಯ. ರೋಸೆನ್‌ಫೆಲ್ಡ್ ಕೊನೆಯ ವರ್ಷಗಳಲ್ಲಿ ಬಹಳ ಹಚ್ಚಿಕೊಂಡ ಸಂಗತಿ ಇದು. ಹಷೆಮ್ ಅಕ್ಬರಿ, ಸುರಭಿ ಮೆನನ್ ಜೊತೆ ಅವರು ಹಾಕಿದ ಲೆಕ್ಕದಲ್ಲಿ, 100 ಚದರ ಮೀಟರ್ ಕಪ್ಪು ಛಾವಣಿ ಬಿಳಿಯಾದರೆ ಬಾಹ್ಯಾಕಾಶಕ್ಕೆ ಮರಳುವ ಬೆಳಕು 10 ಟನ್ ಇಂಗಾಲದ ಡೈಆಕ್ಸೈಡಿನ ತಾಪಕ್ಕೆ ಸಮ. ಇದು ಒಮ್ಮೆ ಮಾತ್ರ ಸಿಗುವ ಲೆಕ್ಕ, ವರ್ಷ ವರ್ಷವೂ ಎಣಿಸಬಾರದು. ಚಪ್ಪಟೆ ಛಾವಣಿಯ ವಾಣಿಜ್ಯ ಕಟ್ಟಡಗಳಿಗೆ ಬಿಳಿ ಮೇಲ್ಮೈಯನ್ನು ಕ್ಯಾಲಿಫೋರ್ನಿಯಾ 2005ರ ಕಟ್ಟಡ ಸಂಹಿತೆಯಲ್ಲೇ ಸೇರಿಸಿತು.

ನಮ್ಮ ಹತ್ತಿರದ ಅಳತೆ ಹೈದರಾಬಾದಿನದು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರೂ ಅಲ್ಲಿನ ಸಂಶೋಧಕರೂ ಸೇರಿ ಏಸಿ ಇರುವ ಕಟ್ಟಡದಲ್ಲಿ ಅಳೆದರು. ಕಪ್ಪು ಲೇಪನದ ಛಾವಣಿ ಬಿಳಿಯಾದಾಗ ಚದರ ಮೀಟರಿಗೆ ವರ್ಷಕ್ಕೆ 20–22 ಯೂನಿಟ್, ಬರಿ ಕಾಂಕ್ರೀಟ್ ಬಿಳಿಯಾದಾಗ 13–14 ಯೂನಿಟ್ ಉಳಿಯಿತು. ನಮ್ಮವು ಬಹುಪಾಲು ಬರಿ ಕಾಂಕ್ರೀಟ್, ಹಾಗಾಗಿ ಎರಡನೇ ಅಂಕಿ ಹಿಡಿಯಿರಿ. ಏಸಿ ಇಲ್ಲದ ಮನೆಯಲ್ಲಿ ಬಿಲ್ಲು ಇಳಿಯುವುದಿಲ್ಲ, ರಾತ್ರಿಯ ನಿದ್ದೆ ಸುಧಾರಿಸುತ್ತದೆ. ಕಾಂಕ್ರೀಟ್ ಹಗಲು ಹೀರಿದ ಬಿಸಿಯನ್ನು ಕೆಲವು ಗಂಟೆ ತಡಮಾಡಿ ಒಳಗೆ ಇಳಿಸುತ್ತದಲ್ಲ, ಅದು ಕಡಿಮೆಯಾಗುತ್ತದೆ.

ಲೆಕ್ಕ: ಮಟಮಟ ಮಧ್ಯಾಹ್ನ ಚದರ ಮೀಟರಿಗೆ 1,000 ವಾಟ್ ಬಿಸಿಲು. ಪ್ರತಿಫಲನ 0.3ರಿಂದ 0.7ಕ್ಕೆ ಏರಿದರೆ 100 ಚದರ ಮೀಟರಿನಲ್ಲಿ 40 ಕಿಲೋವಾಟ್ ಕಡಿಮೆ ಹೀರಿಕೆ. ಅದರಲ್ಲಿ ಬಹುಪಾಲು ಹೇಗೂ ಗಾಳಿಗೆ ಹೋಗುತ್ತಿತ್ತು. ತಾರಸಿಯ ಮೇಲ್ಮೈ 20 ಡಿಗ್ರಿ ಇಳಿದರೆ ಒಳಗೆ ಇಳಿಯುವ ಶಾಖದಲ್ಲಿ 6 ಕಿಲೋವಾಟಿನಷ್ಟು ಕಡಿಮೆಯಾಗುತ್ತದೆ ಎಂದು ಸ್ಥೂಲವಾಗಿ ಹಿಡಿಯಬಹುದು.

ಕೆಲಸ ಮಾಡುವ ಕ್ರಮ: ಫೆಬ್ರವರಿಯಲ್ಲಿ, ಮಳೆ ಇಲ್ಲದಾಗ. ಪಾಚಿಯನ್ನು ತಂತಿ ಬ್ರಷ್ಷಿನಿಂದ ಕೆರೆದು ತೊಳೆಯಿರಿ. ಬಿರುಕನ್ನು ಮೊದಲೇ ಮುಚ್ಚಿ, ಬಿಳಿ ಬಳಿದ ಮೇಲೆ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಸುಣ್ಣವಾದರೆ ಬಳಿಯುವ ಮುನ್ನ ನೆಲ ಒದ್ದೆ ಮಾಡಿ, ತೆಳ್ಳಗೆ ಎರಡು ಕೋಟ್, ಎರಡನೆಯದು ಅಡ್ಡಡ್ಡ. ಬರೀ ಸುಣ್ಣ ಕಾಲಿಗೆ ಮೆತ್ತಿ ಎದ್ದು ಬರುತ್ತದೆ, ಅದಕ್ಕೇ ಜನ ಫೆವಿಕಾಲ್ ಬೆರೆಸುತ್ತಾರೆ. ಅದೂ ಒಂದೆರಡು ಮಳೆಗಾಲದ ಮಟ್ಟಿಗೆ ಮಾತ್ರ. ಕೂಲ್ ರೂಫ್ ಬಣ್ಣ ದುಬಾರಿ, ಬಾಳಿಕೆ ಹೆಚ್ಚು.

ಕೆಡುವುದು ಎಲ್ಲಿ? ಧೂಳು. ಹೊಸದರಲ್ಲಿ 0.8 ಇದ್ದ ಪ್ರತಿಫಲನ ಒಂದು ವರ್ಷದಲ್ಲಿ 0.6 ಸಮೀಪಕ್ಕೆ ಬರುತ್ತದೆ. ಬೇಸಿಗೆಗೆ ಮುಂಚೆ ಒಮ್ಮೆ ತೊಳೆಯಲೇಬೇಕು. ನೀರು ನಿಲ್ಲುವ ತಗ್ಗಿದ್ದರೆ ಅಲ್ಲಿಂದಲೇ ಸಿಪ್ಪೆ ಏಳುತ್ತದೆ. ಮಳೆನೀರು ಕೊಯ್ಲು ಇದ್ದವರು ಸುಣ್ಣ ಬಳಿದ ವರ್ಷ ಮೊದಲ ಕೆಲವು ಮಳೆಯ ನೀರನ್ನು ಸಂಪಿಗೆ ಬಿಡಬೇಡಿ, ಕ್ಷಾರ ಹೆಚ್ಚಿರುತ್ತದೆ. ಮಲೆನಾಡಿನ ಹೆಂಚಿನ ಮನೆಗೆ ಇದು ಬೇಡವೇ ಬೇಡ. ಮೂರು ಅಂತಸ್ತಿನ ಕಟ್ಟಡದಲ್ಲಿ ಪ್ರಯೋಜನ ಮೇಲಿನ ಮನೆಯವರಿಗೆ ಮಾತ್ರ.

ಫೀಡರ್_11ಕೆವಿ

ಕರ್ನಾಟಕದಲ್ಲಿ ಎಲ್ಲಿಂದ ಶುರು ಎಂಬುದಕ್ಕೆ ಬರುತ್ತೇನೆ.

ಮೊದಲು ಒಂದು ಹೆಸರು: ಅಮೂಲ್ಯ ರೆಡ್ಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದವರು. ಮೂಲತಃ ವಿದ್ಯುದ್ರಸಾಯನ ಶಾಸ್ತ್ರಜ್ಞರು, ಭೌತಶಾಸ್ತ್ರದವರಲ್ಲ, ಆದರೆ ದಾರಿ ಅದೇ. ಬ್ರೆಜಿಲಿನ ಪರಮಾಣು ಭೌತಶಾಸ್ತ್ರಜ್ಞ ಜೋಸೆ ಗೋಲ್ಡೆಂಬರ್ಗ್, ಥಾಮಸ್ ಜೋಹಾನ್ಸನ್, ರಾಬರ್ಟ್ ವಿಲಿಯಮ್ಸ್ ಜೊತೆಗೂಡಿ, ದಕ್ಷ ಸಾಧನ ಬಳಸಿದರೆ ತಲಾ 1 ಕಿಲೋವಾಟ್ ಶಕ್ತಿಯಲ್ಲಿ ಒಳ್ಳೆಯ ಬದುಕು ಸಾಧ್ಯ ಎಂದು 1985ರಲ್ಲಿ ತೋರಿಸಿದರು. ಕರ್ನಾಟಕಕ್ಕೆ ರಾಜ್ಯದ ದೀರ್ಘಾವಧಿ ಯೋಜನೆ ಕೇಳಿದ್ದ ವಿದ್ಯುತ್ತಿನ ಶೇ. 38ರಷ್ಟರಲ್ಲೇ 2000ನೇ ಇಸವಿಯ ಅಗತ್ಯ ಪೂರೈಸಬಹುದು ಎಂಬುದು ಅವರ ‘ಡಿಫೆಂಡಸ್’ ಲೆಕ್ಕ. ಅವರು ‘ಎಷ್ಟು ಮೆಗಾವಾಟ್ ಬೇಕು’ ಎಂದು ಆರಂಭಿಸಲಿಲ್ಲ. ಎಷ್ಟು ಮನೆಗೆ ಬೆಳಕು, ಎಷ್ಟು ಬಿಂದಿಗೆ ಬಿಸಿನೀರು, ಎಷ್ಟು ಎಕರೆಗೆ ನೀರು ಎಂದು ಕೆಳಗಿನಿಂದ ಕೂಡಿಸುತ್ತ ಬಂದರು.

ಪಂಪ್‌ಸೆಟ್ಟಿನ ಉದಾಹರಣೆ ಮಕ್ಕಳಿಗೆ ಕೊಡಿ. 60 ಮೀಟರ್ ಆಳದಿಂದ ಸೆಕೆಂಡಿಗೆ 3 ಲೀಟರ್ ಎತ್ತಲು ಬೇಕಾದ್ದು 1.77 ಕಿಲೋವಾಟ್. ಮೋಟಾರು ಎಳೆಯುತ್ತಿರುವುದು 4.5 ಕಿಲೋವಾಟ್ ಆದರೆ ದಕ್ಷತೆ ಶೇ. 39. ಪೈಪಿನ ಘರ್ಷಣೆ ವ್ಯಾಸದ ಐದನೇ ಘಾತಕ್ಕೆ ವಿಲೋಮ. ಅಷ್ಟೇ ನೀರು 2 ಇಂಚಿನ ಬದಲು ಎರಡೂವರೆ ಇಂಚಿನ ಪೈಪಿನಲ್ಲಿ ಹರಿದರೆ ಘರ್ಷಣೆ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ತೆರೆದ ಬಾವಿಯಾದರೆ ನೀರು ಹೀರುವ ಪೈಪಿನ ಕೆಳತುದಿಯ ಫುಟ್ ವಾಲ್ವ್ ನೋಡಿ, ಕಿರಿದಾದ ವಾಲ್ವ್ ಇಡೀ ಪೈಪಿನಷ್ಟು ನಷ್ಟ ಮಾಡಬಲ್ಲದು.

ಆದರೆ 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ವಿದ್ಯುತ್ ಉಚಿತ, ಅವುಗಳಲ್ಲಿ ಬಹುಪಾಲಿಗೆ ಮೀಟರಿಲ್ಲ. ರೈತನಿಗೆ ದೊಡ್ಡ ಪೈಪು ಹಾಕಿ ಸಿಗುವ ಲಾಭವೇನು? ಇಲ್ಲಿ ‘ಉಳಿಸಿದ ಯೂನಿಟ್ಟಿನ ಬೆಲೆ’ಯನ್ನು ಸರ್ಕಾರದ ಸಹಾಯಧನದ ಕಡೆಯಿಂದ ಲೆಕ್ಕ ಹಾಕಬೇಕು. ಉಳಿದ ಯೂನಿಟ್ಟಿನ ಫಲ ಖಜಾನೆಗೆ, ಹಾಗಾಗಿ ಪೈಪಿನ ಖರ್ಚೂ ಖಜಾನೆಯದ್ದೇ ಆಗುವುದು ನ್ಯಾಯ.

ಒಳ್ಳೆಯ ದತ್ತಾಂಶ ಸಮಸ್ಯೆ ಬೇಕೆನ್ನುವವರು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಎಸ್ಕಾಂಗಳು (ವಿದ್ಯುತ್ ಸರಬರಾಜು ಕಂಪನಿಗಳು) ಸಲ್ಲಿಸುವ ದರ ಅರ್ಜಿ ತೆರೆಯಿರಿ. ಪಂಪ್‌ಸೆಟ್ ಬಳಕೆ ಅದರಲ್ಲಿ ಅಂದಾಜಿನ ಅಂಕಿ. ಫೀಡರಿಗೆ (ಉಪಕೇಂದ್ರದಿಂದ ಹೊರಡುವ ವಿತರಣಾ ತಂತಿಮಾರ್ಗ) ಹರಿದ ಯೂನಿಟ್ಟಿನಿಂದ ತಂತಿ ನಷ್ಟ ಕಳೆದು, ಪಂಪುಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ನಷ್ಟವನ್ನು ಕಡಿಮೆ ಊಹಿಸಿದರೆ ಕಳ್ಳತನವೂ ಸೋರಿಕೆಯೂ ರೈತನ ಖಾತೆಗೆ ಬೀಳುತ್ತದೆ. ಅನಧಿಕೃತ ಪಂಪುಗಳು ಎಣಿಕೆಯಲ್ಲಿ ಇಲ್ಲದಿದ್ದರೆ ಪ್ರತಿ ಪಂಪಿನ ಬಳಕೆ ಉಬ್ಬುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರಿನಿಂದ ಪಂಪ್‌ಸೆಟ್ ಫೀಡರ್ ಬೇರೆಯಾದ ಕಡೆ ಅಂಕಿ ಹೆಚ್ಚು ನಂಬಿಕೆಗೆ ಅರ್ಹ. ಬಬಲ್_ಚೇಂಬರ್ ಹೇಳಿದ ಚದುರಿದ ಅಳತೆಗಳನ್ನು ತೂಗಿ ನೋಡುವ ಕೆಲಸ ಇಲ್ಲಿ ರಾಶಿ ಬಿದ್ದಿದೆ. ಅರ್ಜಿಗೆ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಿ ಸಾರ್ವಜನಿಕ ವಿಚಾರಣೆಯಲ್ಲಿ ಮಾತಾಡಬಹುದು. ಕೋಷ್ಟಕದ ಸಂಖ್ಯೆ, ಪುಟ, ನಿಮ್ಮ ಮರುಲೆಕ್ಕ ಮೂರನ್ನೂ ಬರೆಯಿರಿ. ‘ದರ ಏರಿಸಬೇಡಿ’ ಎಂದಷ್ಟೇ ಬರೆದದ್ದು ಮೂಲೆಗೆ ಹೋಗುತ್ತದೆ.

ಉದ್ಯೋಗದ ದಾರಿ: ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯ ಎನರ್ಜಿ ಮ್ಯಾನೇಜರ್, ಎನರ್ಜಿ ಆಡಿಟರ್ ಪರೀಕ್ಷೆ. ಎಂಜಿನಿಯರುಗಳಿಗೆ ಮಾತ್ರ ಎಂಬ ತಪ್ಪು ಕಲ್ಪನೆ ಇದೆ. ಭೌತಶಾಸ್ತ್ರ ಸ್ನಾತಕೋತ್ತರ ಪದವಿ ಮತ್ತು ಇಂಧನ ಸಂಬಂಧಿ ಕೆಲಸದಲ್ಲಿ ಮೂರು ವರ್ಷದ ಅನುಭವ ಇದ್ದವರೂ ಬರೆಯಬಹುದು. ಮ್ಯಾನೇಜರಿಗೆ ಮೂರು ಪತ್ರಿಕೆ, ಆಡಿಟರಿಗೆ ನಾಲ್ಕು. ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ತಪ್ಪದೆ ಓದಿಕೊಳ್ಳಿ.

ಲೋಲಕ

ಬಹಳ ಉಪಕಾರವಾಯಿತು. ಕೊನೆಯದಾಗಿ, ಖರ್ಚಿಲ್ಲದೆ ಮಕ್ಕಳು ಮನೆಯಲ್ಲೇ ಮಾಡಬಹುದಾದ ಅಳತೆ ಇದೆಯೇ?

ಫೀಡರ್_11ಕೆವಿ

ಇದೆ. ಮನೆಯ ಮೀಟರಿನಲ್ಲಿ ಮಿಣುಕುವ ಕೆಂಪು ದೀಪ ಸಾಕು. ಮೀಟರ್ ಮುಖದ ಮೇಲೆ ‘ಯೂನಿಟ್ಟಿಗೆ 3200 ಮಿಣುಕು’ ಎಂಬರ್ಥದ ಸಂಖ್ಯೆ ಅಚ್ಚಾಗಿರುತ್ತದೆ. ಕೆಲವಕ್ಕೆ 1600 ಅಥವಾ 6400 ಇರುತ್ತದೆ, ನೋಡಿಕೊಳ್ಳಿ. 3200 ಆದರೆ ಒಂದು ಮಿಣುಕಿಗೆ 36 ಲಕ್ಷ ಭಾಗಿಸು 3200, ಅಂದರೆ 1,125 ಜೂಲ್. ಎರಡು ಮಿಣುಕಿನ ನಡುವಿನ ಸೆಕೆಂಡಿನಿಂದ 1,125ನ್ನು ಭಾಗಿಸಿದರೆ ವಾಟ್. ಎಲ್ಲ ಆರಿಸಿ ಒಂದು ಫ್ಯಾನ್ ಮಾತ್ರ ಹಾಕಿದಾಗ 15 ಸೆಕೆಂಡಿಗೊಂದು ಮಿಣುಕಾದರೆ 75 ವಾಟಿನ ಹಳೇ ಫ್ಯಾನ್, 40 ಸೆಕೆಂಡಾದರೆ 28 ವಾಟಿನ ಬಿಎಲ್‌ಡಿಸಿ. ಒಂದೇ ಅಂತರ ಅಳೆಯಬೇಡಿ, ಹತ್ತು ಮಿಣುಕಿನ ಸಮಯ ತೆಗೆದು ಹತ್ತರಿಂದ ಭಾಗಿಸಿ.

ಎಡವುವ ಕಡೆ ಎರಡು. ಮೊಬೈಲ್ ಚಾರ್ಜರಿನಂಥ ಕೆಲವೇ ವಾಟಿನ ಹೊರೆಗೆ ಮೀಟರ್ ಮಿಣುಕದೇ ಇರಬಹುದು, ಆಗ ಒಂದು ಬಲ್ಬು ಹಾಕಿಟ್ಟು ವ್ಯತ್ಯಾಸ ತೆಗೆಯಿರಿ. ಫ್ರಿಜ್ಜನ್ನು ಹೀಗೆ ಅಳೆಯಲಾಗದು. ಕಂಪ್ರೆಸರ್ ನಿಂತು ನಿಂತು ಓಡುತ್ತದೆ, ಫ್ರಾಸ್ಟ್-ಫ್ರೀ ಮಾದರಿಯಲ್ಲಿ ನಡುವೆ ಮಂಜು ಕರಗಿಸುವ ಹೀಟರ್ ಉರಿಯುತ್ತದೆ. ಅದಕ್ಕೆ ಪ್ಲಗ್ಗಿಗೆ ಹಾಕುವ ಎನರ್ಜಿ ಮೀಟರ್ ಒಂದನ್ನು ವಿಭಾಗಕ್ಕೆ ತರಿಸಿ. 48 ಗಂಟೆ ಓಡಿಸಿ, ಬಂದ ಯೂನಿಟ್ಟನ್ನು 182.5ರಿಂದ ಗುಣಿಸಿ ಲೇಬಲ್‌ನ ವಾರ್ಷಿಕ ಅಂಕಿಯ ಪಕ್ಕ ಇಡಿ. ಅಡುಗೆಮನೆಯ ಆ ಎರಡು ದಿನದ ಉಷ್ಣಾಂಶವನ್ನೂ ಬರೆದಿಟ್ಟುಕೊಳ್ಳಲು ಹೇಳಿ. ಏಪ್ರಿಲ್‌ನಲ್ಲಿ ಅಳೆದದ್ದಕ್ಕೂ ಡಿಸೆಂಬರಿನಲ್ಲಿ ಅಳೆದದ್ದಕ್ಕೂ ತಾಳೆಯಾಗುವುದಿಲ್ಲ.